ಬೊಂಬೆಗೆ ಕಣ್ಣು ಬರೆದ ಕುಂಚ

"ರುಖವತದ ಬೊಂಬಿಗಿ ಕಣ್ಣು ಮೂಗು ನಾನೇ ಬರೀತೀನಿ! ನೋಡಿದ ಕೂಡ್ಲೆ ಸೇಡಂ ಬೀಗಿತ್ತಿ ಬಾಯಿಮ್ಯಾಲೆ ಬಟ್ಟಿಡಬೇಕು!"

ವಾಡಿಯ ರೈಲ್ವೆ ಕ್ವಾರ್ಟರ್ಸಿನ ಅಡಿಗೆಮನೆಯಲ್ಲಿ ಲೀಲಾಬಾಯಿ ಹೀಗೆ ಶಪಥ ಮಾಡಿದಾಗ ಕೈಯಲ್ಲಿ ಹುಳಿಯ ಸೌಟಿತ್ತು. ಎದುರಿಗೆ ಗಂಡ ಪ್ರಾಣೇಶರಾಯರು ಬರೀ ಅನ್ನದ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದರು. ಪಾರ್ಸಲ್ ಆಫೀಸಿನ ಗುಮಾಸ್ತರು, ಕಾಯುವುದು ಅವರಿಗೆ ರೂಢಿ. ಶಪಥ ಇಳಿಯದೆ ಹುಳಿ ಇಳಿಯುವಂತಿರಲಿಲ್ಲ.

ಮಗಳು ಗೋದಾಳಿಗೆ ಸೇಡಂನಲ್ಲಿ ಗಂಡು ಗೊತ್ತಾಗಿತ್ತು. ನೋಡಲು ಬಂದ ದಿನವೇ ಬೀಗಿತ್ತಿ ಲಕ್ಷ್ಮೀಬಾಯಿಯ ಕಣ್ಣು ಹುಡುಗಿಯ ಮುಖಕ್ಕಿಂತ ಮೊದಲು ಜಡೆಯ ಮೇಲೆ ಬಿತ್ತು. ಎಂಥ ಜಡೆ! ನಡೆದರೆ ಮೊಣಕಾಲಿನ ಹಿಂದೆ ಬಡಿಯುತ್ತಿತ್ತು. ಲೀಲಾಬಾಯಿ ಉಬ್ಬಿ ಹೇಳಿದ್ದಳು: "ಬೇಕಂದ್ರ ಬಿಚ್ಚಿ ನೋಡ್ರಿ. ಚವರಿ ಕೂಡಿಸಿ ಉದ್ದ ಮಾಡಿ ತೋರ್ಸೋ ಮನಿತನ ಅಲ್ಲ ನಮ್ದು."

"ಬ್ಯಾಡ್ರಿ, ನಿಮ್ಮ ಮಾತೇ ಸಾಕು," ಅಂದಿದ್ದಳು ಲಕ್ಷ್ಮೀಬಾಯಿ. ದೊಡ್ಡ ಮನಸ್ಸೇ. ಆದರೆ ಹೊಸಿಲು ದಾಟುವಾಗ ಒಂದು ಮಾತು ಉದುರಿಸಿ ಹೋದಳು: "ರುಖವತ ಹೈದ್ರಾಬಾದಿನಿಂದ ತರಸ್ತೀರೇನ್ರಿ? ರೈಲಿನ ಮಂದಿ ನೀವು, ಕೈಗೆಲಸಕ್ಕ ಪುರಸತ್ತು ಎಲ್ಲಿಂದ ಬರಬೇಕು!"

ಅಷ್ಟು ಸಾಕಾಯಿತು. ಹೆಣ್ಣಿನ ಮನೆಯವರ ಕೈಚಳಕವನ್ನೆಲ್ಲ ಬೀಗರ ಮುಂದೆ ಹರವಿ ಇಡುವುದೇ ರುಖವತ. ಅದನ್ನು ಅಂಗಡಿಯಿಂದ ತಂದರು ಅಂತ ಅನ್ನಿಸಿಕೊಂಡರೆ ಮಗಳು ಜೀವನವಿಡೀ ಅತ್ತೆಯ ಎದುರು ತಲೆ ತಗ್ಗಿಸಬೇಕಲ್ಲ! ಲೀಲಾಬಾಯಿ ಹೆಬ್ಬೆರಳೆತ್ತರದ ಮಣ್ಣಿನ ಬೊಂಬೆಗಳನ್ನು ತಾನೇ ಮಾಡಿ ಒಣಗಿಸಿದಳು. ಮದುಮಗ, ಮದುಮಗಳು, ಪುರೋಹಿತರು, ವಾಲಗದವರು, ಸಿಟ್ಟಾದ ಬೀಗ, ಅವನನ್ನು ಸಮಾಧಾನ ಮಾಡುವ ಮತ್ತೊಬ್ಬ ಬೀಗ. ಇಡೀ ಮದುವೆ ಅಕ್ಕಿ ಕೇರುವ ಒಂದು ಮೊರದಲ್ಲಿ ಹಿಡಿಸುತ್ತಿತ್ತು. ಇನ್ನು ಬಣ್ಣ ಹಚ್ಚುವುದೊಂದೇ ಬಾಕಿ. ಅದಕ್ಕೆ ಬೇಕು ಕುಂಚ.

ಪ್ರಾಣೇಶರಾಯರು ಯಾರ್ಡಿನಿಂದ ಬ್ರಶ್ ತಂದುಕೊಟ್ಟರು. ಆಗ ರೈಲುಡಬ್ಬಿಗಳ ಮೇಲಿನ ನಿಜಾಮರ ರೈಲಿನ ಹೆಸರು ಅಳಿಸಿ ಹೊಸ ಹೆಸರು ಬರೆಯುತ್ತಿದ್ದರು. ಅಂಥ ಕೆಲಸ ಮಾಡಿ ಸವೆದ ಬ್ರಶ್ಶು!

"ಏನ್ರಿ ಇದು? ಕಸಬರಗಿ ಹಡದಂಗದ!"

"ಒಂದು ರೈಲಿನ ಹೆಸರೇ ಬರದದ ಇದು, ಒಂದು ಕಣ್ಣು ಬರಿಯಂಗಿಲ್ಲೇನು?"

ಬರೆಯಿತು. ಒಂದೇ ಕಣ್ಣು. ಮದುಮಗನ ಮುಖದ ತುಂಬ ಅದೊಂದೇ ಹಿಡಿಸಿತು.

ಬೇವಿನ ಕಡ್ಡಿ ಜಗಿದು ನೋಡಿದಳು. ಪುರೋಹಿತರ ಹುಬ್ಬು ಹೋಗಿ ಕಿವಿಯಲ್ಲಿ ಕೂತಿತು. ಗೋಡೆಯಾಚೆಯ ಗಾರ್ಡ್ ಶಹಾಬುದ್ದೀನರ ಹೆಂಡತಿ ಅಖ್ತರ ಬೇಗಂ ಈ ಗದ್ದಲ ಕೇಳಿ ಓಡಿಬಂದಳು. ಅವಳ ಮಾವ ಶಹಾಬಾದಿನಲ್ಲಿ ಅಂಗಡಿಗಳ ಬೋರ್ಡು ಬರೆಯುತ್ತಿದ್ದ.

"ಬಾಯಿ, ಇದು ತಗೋರಿ. ಅಳಿಲಿನ ಬಾಲದ್ದು. ಸೂಜಿಯಂಥಾ ಮೊನಿ ಅದ."

ನೋಡಿದರೆ ಆಸೆಯಾಗುವಂಥ ಕುಂಚ. ಲೀಲಾಬಾಯಿಯ ಕೈ ಮುಂದೆ ಹೋಗಿ ಹಿಂದೆ ಬಂತು. "ಸಿಟ್ಟು ಮಾಡ್ಕೋಬ್ಯಾಡ್ರಿ. ರುಖವತದಾಗ ಚಿರೋಟಿ ಉಂಡಿ ಇಡೋದದ. ಪ್ರಾಣಿ ಕೂದಲಾ ನಮಗ ನಡ್ಯಂಗಿಲ್ರಿ."

ಅಖ್ತರ ಬೇಗಂ ಕುಂಚವನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋದಳು.

ಆಗ ಲೀಲಾಬಾಯಿಯ ಕಣ್ಣಿಗೆ ಬಿದ್ದದ್ದು, ಅಕ್ಕಿ ಆರಿಸುತ್ತ ಕೂತ ಗೋದಾಳ ಜಡೆಯ ತುದಿ! ಹುಟ್ಟಿದಾಗಿನಿಂದ ಕತ್ತರಿ ಕಾಣದ, ತಾನಾಗಿ ಸಣ್ಣಗಾಗುತ್ತ ಬಂದ ತುದಿ. ಮದುಮಗಳದೇ ಕೂದಲು, ಮದುಮಗಳದೇ ರುಖವತ. ಇದಕ್ಕೆಲ್ಲಿಯ ಮೈಲಿಗೆ? ಶಾಸ್ತ್ರವನ್ನು ಅಲ್ಲೇ ನಿಂತು ತಾನೇ ಬರೆದುಕೊಂಡಳು.

"ಗೋದಾ, ಒಂಚೂರೇ ಅಷ್ಟ."

"ಅವ್ವಾ, ಅತ್ಯಾ ಅವ್ರು ಜಡಿ ನೋಡೇ..."

"ಸಾಸಿವಿಯಷ್ಟು ಹೋದ್ರ ಯಾರಿಗಿ ಗೊತ್ತಾಗ್ತದ? ನಿನ್ನ ಮಾನಕ್ಕೇ ಮಾಡ್ಲಿಕತ್ತೀನಿ!"

ಕಚಕ್! ಬಿದಿರಿನ ಸಣ್ಣ ಕೊಳವೆಯಲ್ಲಿ ಸಿಕ್ಕಿಸಿ ದಾರ ಸುತ್ತಿದರೆ, ಆಹಾ! ಮದುಮಗಳ ಎರಡು ಕಣ್ಣೂ ಒಂದೇ ಉಸಿರಿಗೆ ಮೂಡಿದವು. ನೋಡಿದವರು ಬೊಂಬೆ ರೆಪ್ಪೆ ಬಡಿಯಿತೇನೋ ಅನ್ನಬೇಕು.

ಮರುದಿನ ಕುಂಚ ಇಟ್ಟಲ್ಲಿ ಇರಲಿಲ್ಲ. ಅಂಗಳದಲ್ಲಿ ಪ್ರಾಣೇಶರಾಯರು ಮದುವೆಯ ಟ್ರಂಕಿನ ಮೇಲೆ ಡಾಂಬರಿನಲ್ಲಿ ತಮ್ಮ ಹೆಸರು ಬರೆದು ಮುಗಿಸಿ, ಹಿಂದೆ ಸರಿದು ನಿಂತು ಅಕ್ಷರ ಮೆಚ್ಚಿಕೊಳ್ಳುತ್ತಿದ್ದರು.

"ಲೀಲಾ, ಏನ್ ಬ್ರಶ್ ಮಾಡೀದಿ ನೀನು! ಬೆಣ್ಣಿ ಬೆಣ್ಣಿ ಹಂಗ ಓಡ್ತದ!"

ಬೆಣ್ಣೆ ಅಷ್ಟರಲ್ಲಿ ಕಲ್ಲಾಗಿತ್ತು.

"ಅಯ್ಯ ನಿಮ್ಮ ಹೆಸರಿಗಿ ಬೆಂಕಿ ಹತ್ತಲಿ! ಮಗಳ ಕೂದಲರಿ ಅದು!"

"ಅದಕ್ಯಾಕ ಒದರ್ತಿ? ಇನ್ನೊಂದು ಮಾಡು. ಜಡಿ ಏನ್ ಓಡಿಹೋಗ್ತದೇನು?"

ಓಡಿಹೋಯಿತು! ಒಮ್ಮೆ ಕತ್ತರಿ ಬಿದ್ದ ಜಡೆಗೆ ಆ ಹುಟ್ಟು ಮೊನೆ ಮತ್ತೆಲ್ಲಿಂದ ಬರಬೇಕು? ಎರಡನೆಯ ಕುಂಚ ಮೊಂಡಾಯಿತು. ಮೂರನೆಯದು ಕವಲೊಡೆಯಿತು. ಮುಂದಿನದು ಸರಿಹೋದೀತು, ಅದರ ಮುಂದಿನದು ಸರಿಹೋದೀತು ಅಂತ ಲೀಲಾಬಾಯಿ ಕತ್ತರಿಸಿದಳು, ಕಟ್ಟಿದಳು, ಎಸೆದಳು. ಗೋದಾ ಬೆನ್ನು ತಿರುಗಿಸಿ ಕೂತಿರುತ್ತಿದ್ದಳು, ಕತ್ತರಿ ಸಪ್ಪಳವಾದಾಗಲೆಲ್ಲ ಕಣ್ಣು ಮುಚ್ಚುತ್ತಿದ್ದಳು. ತಾಯಿಗೆ ಕಾಣುತ್ತಿದ್ದದ್ದು ಬೆನ್ನು ಮಾತ್ರ. ಕಟ್ಟಕಡೆಗೆ ಬೊಂಬೆಗಳಿಗೆಲ್ಲ ಕಣ್ಣು ಬಂದವು. ಎಸೆಯಲು ಮನಸ್ಸಾಗದೆ ಉಳಿದ ಒಂದಿಷ್ಟು ಕೂದಲನ್ನು ಹೆಣೆದು, ಮದುಮಗಳ ಬೊಂಬೆಗೆ ಮೊಣಕಾಲುದ್ದದ ಜಡೆ ಮಾಡಿ, ಬೇಲದ ಅಂಟಿನಿಂದ ಭದ್ರವಾಗಿ ಕೂಡಿಸಿದಳು.

ಆಮೇಲೆ ಮಗಳ ಕಡೆ ನೋಡಿದಳು. ಜಡೆ ಹೆಗಲ ಹತ್ತಿರ ಬಂದು ನಿಂತಿತ್ತು.

ಮದುವೆಯ ಹಿಂದಿನ ದಿನ ಲೀಲಾಬಾಯಿ ಗೋಡೆಯಾಚೆ ಹೋಗಿ ನಿಂತಳು. ಅಳಿಲಿನ ಕೂದಲು ಬೇಡವೆಂದವಳು ಇಂದು ಕೇಳಿದ್ದು ಚವರಿ!

ಅಖ್ತರ ಬೇಗಂ ಹಳೆಯದೇನನ್ನೂ ಎತ್ತಿ ಆಡಲಿಲ್ಲ. ಪೆಟ್ಟಿಗೆಯಿಂದ ತೆಗೆದುಕೊಟ್ಟು ಇಷ್ಟೇ ಹೇಳಿದಳು: "ಬಿಗಿಯಾಗಿ ಕಟ್ರಿ ಬಾಯಿ. ಜರಾ ಜಾರ್ತದ ಅದು."

ಬೀಗರು ಬಂದರು. ಹೆಂಗಸರು ರುಖವತದ ಸುತ್ತ ನೆರೆದರು. ಲಕ್ಷ್ಮೀಬಾಯಿ ಬಗ್ಗಿ ನೋಡಿದಳು, ಇನ್ನೂ ಬಗ್ಗಿದಳು, ನಿಜಕ್ಕೂ ಬಾಯಿಯ ಮೇಲೆ ಬೆರಳಿಟ್ಟಳು! "ಅಬ್ಬಾ ಬೀಗಿತ್ತೀ, ನಾ ಸೋತೆ. ಎಂಥಾ ಕೈರಿ ನಿಮ್ದು!"

ಲೀಲಾಬಾಯಿಗೆ ಸ್ವರ್ಗ ಮೂರೇ ಗೇಣು ಉಳಿದಿತ್ತು. ಆ ಖುಷಿಯಲ್ಲೇ ಲಕ್ಷ್ಮೀಬಾಯಿ ಸೊಸೆಯನ್ನು ಹತ್ತಿರ ಕೂಡಿಸಿಕೊಂಡು, ತನ್ನ ಕೈಯಾರೆ ಜಡೆಗೆ ಮಲ್ಲಿಗೆಯ ದಂಡೆ ಕಟ್ಟಿ, ಗಂಟು ಗಟ್ಟಿಯಾಗಲೆಂದು ಒಂದು ಸಲ ಜಗ್ಗಿದಳು.

ದಂಡೆ ಅವಳ ಕೈಯಲ್ಲಿ ಉಳಿಯಿತು. ದಂಡೆಯ ಜೊತೆ ಜಡೆಯೂ ಉಳಿಯಿತು.

ವಾಲಗದವರು ಕೂಡ ಅದೇ ಹೊತ್ತಿಗೆ ಉಸಿರು ತೆಗೆದುಕೊಳ್ಳಬೇಕೇ!

"ಇದೇನ್ರಿ ಲೀಲಾಬಾಯಿ?" ಲಕ್ಷ್ಮೀಬಾಯಿಯ ದನಿ ಏರಲಿಲ್ಲ. "ಬಿಚ್ಚಿ ನೋಡ್ರಿ ಅಂದಿದ್ರಿ. ನಾ ಬ್ಯಾಡ ಅಂದಿದ್ದೆ."

"ಇಲ್ರಿ, ಖರೇನೇ ಇತ್ರಿ! ಬೊಂಬಿ ಕಣ್ಣು ಬರೀಲಿಕ್ಕ ಕತ್ತರಿಸಿ ಕುಂಚ ಮಾಡ್ದೆ..."

"ಮೊಣಕಾಲ ತನಕಿನ ಜಡಿ, ಹೆಬ್ಬಟ್ಟಿನಷ್ಟು ಬೊಂಬಿಗಿ?"

ಹೇಳುತ್ತ ಹೇಳುತ್ತ ಲೀಲಾಬಾಯಿಗೇ ಅದು ಸುಳ್ಳಿನಂತೆ ಕೇಳಿಸತೊಡಗಿತು. ಲಕ್ಷ್ಮೀಬಾಯಿ ಮದುಮಗಳ ಬೊಂಬೆಯನ್ನು ಎತ್ತಿಕೊಂಡು ಅದರ ಜಡೆಯನ್ನೂ ಜಗ್ಗಿ ನೋಡಿದಳು. ಬರಲಿಲ್ಲ. ಇನ್ನೊಮ್ಮೆ ಜಗ್ಗಿದಳು. ಬೇಲದ ಅಂಟು, ಬಿಡುತ್ತದೆಯೇ!

"ನೋಡ್ರೆವಾ," ಅಂದಳು ತನ್ನ ಕಡೆಯ ಹೆಂಗಸರಿಗೆ, "ಈ ಮನ್ಯಾಗ ಇದೊಂದೇ ಖರೇ ಕೂದಲಾ."

ತಲೆ ತಗ್ಗಿಸಿ ಕೂತಿದ್ದ ಗೋದಾ ಮೆಲ್ಲಗೆ ಅಂದಳು: "ಅದು ನಂದೇ ಅದರಿ, ಅತ್ಯಾ."

ಹೊಸ ಸೊಸೆ ಭಾಳ ಚತುರಿ ಅಂತ ಸೇಡಂನವರೆಲ್ಲ ಬಿದ್ದು ಬಿದ್ದು ನಕ್ಕರು. ಆ ನಗೆಯಲ್ಲೇ ಮದುವೆ ಮುಂದೆ ಸಾಗಿತು. ನಗದೆ ಉಳಿದವರು ಇಬ್ಬರೇ, ಮದುಮಗಳು ಮತ್ತು ಅವಳ ತಾಯಿ. ಮೊರದಲ್ಲಿದ್ದ ಬೊಂಬೆಗಳು ಮಾತ್ರ, ಅಷ್ಟು ಚೆಂದದ ಕಣ್ಣು ಬಿಟ್ಟುಕೊಂಡು, ಲೀಲಾಬಾಯಿಯನ್ನೇ ನೋಡುತ್ತಿದ್ದವು.