ದಡ್ಡ ಸಿಪಾಯಿಯ ಮೂಗು

ರಾದ್ಧಾಂತ ಶುರುವಾದದ್ದು ಒಂದು ಮೂಗಿನಿಂದ. ಹಾಲಿವುಡ್ಡಿನ ಕಾರ್ಟೂನ್ ಸ್ಟುಡಿಯೋದಲ್ಲಿ ಎಲ್‌ವುಡ್ ಬೆಳಬೆಳಗ್ಗೆಯೇ ಒಬ್ಬ ಸಿಪಾಯಿಗೆ ಉದ್ದ ಮೂಗು ಬರೆದುಬಿಟ್ಟಿದ್ದ. ಎರಡನೇ ಮಹಾಯುದ್ಧದ ಕಾಲ. ಶಿಬಿರದ ಹುಡುಗರಿಗೆ ತೋರಿಸಲು ಸೈನ್ಯವೇ ನಗೆಚಿತ್ರ ಕೇಳಿತ್ತು. ಬಂದೂಕು ತಿರುಗಾಮುರುಗಾ ಹಿಡಿದು, ಗುಟ್ಟೆಲ್ಲ ಬಾಯಿಬಿಡುವ ದಡ್ಡ ಸಿಪಾಯಿಯೇ ಅದರ ನಾಯಕ. ಸಂಜೆಯೊಳಗೆ ಆ ಮುಖವನ್ನು ಮೇಜರ್ ಟಾಲ್ಬಟ್ ಒಪ್ಪಿದರೆ ಎಲ್‌ವುಡ್ ಕುರ್ಚಿಯಲ್ಲಿ ಕೂತೇ ಯುದ್ಧ ಗೆಲ್ಲಬಹುದು. ಒಪ್ಪದಿದ್ದರೆ ಅವನೇ ಸೈನ್ಯ ಸೇರಿ ಬಂದೂಕು ಹೊರಬೇಕು. ಪಟಾಕಿ ಸದ್ದಿಗೇ ಬೆಚ್ಚಿಬೀಳುವ ಪ್ರಾಣಿ ಅದು, ಪಾಪ.

ಬಣ್ಣ ತುಂಬುವ ಕಾರ್ಮೆಲಾ ಹಾಳೆ ನೋಡಿದ್ದೇ ಕುಂಚ ಕುಕ್ಕಿದಳು.

"ಇದು ನಮ್ಮಪ್ಪನ ಮೂಗು! ಇಟಲಿಯೋರು ಅಂದ್ರೆ ದಡ್ಡರಾ? ನನ್ನ ಇಬ್ಬರು ತಮ್ಮಂದಿರು ಸೈನ್ಯದಲ್ಲಿದಾರೆ ಕಣೋ!"

"ಅಯ್ಯೋ, ಬರೀ ಮೂಗು ಕಣೆ ಮಾರಾಯ್ತಿ!"

"ಅಳಿಸ್ತೀಯೋ, ಶಾಯಿ ಸುರೀಲೋ?"

ಮೂಗು ಮೊಂಡಾಯಿತು, ಕಿವಿ ಅಗಲವಾಯಿತು. ಬಾಗಿಲು ಕಾಯುವ ಡೂಲಿ ಇಣುಕಿದ. "ಏನ್ ಸ್ವಾಮಿ, ನಮ್ಮ ಐರಿಷರ ಕಿವಿ ಬಿಟ್ರೆ ಬೇರೆ ಕಿವಿ ಸಿಗ್ಲಿಲ್ವಾ?" ಕಿವಿಯೂ ಹೋಯಿತು. ಕೆದರಿದ ಕೂದಲು ಬರೆದರೆ ಪಕ್ಕದ ಮೇಜಿನ ನೆಲ್ಸ್, ಹಳ್ಳಿಯ ಹೊಲದಿಂದ ಬಂದ ತನ್ನಂಥವರನ್ನು ಹಂಗಿಸುತ್ತಾನೆಂದು ಮಾತು ಬಿಟ್ಟ. ಮಧ್ಯಾಹ್ನದ ಹೊತ್ತಿಗೆ ಸಿಪಾಯಿಯ ಮುಖ ಸಿಪ್ಪೆ ಸುಲಿದ ಮೊಟ್ಟೆಯ ಹಾಗಿತ್ತು. ಹಾಳೆಗಳನ್ನು ಹಿಡಿದುಕೊಂಡೇ ಊಟಕ್ಕೆ ಹೋದ.

"ಇದನ್ನೇನು ಆಮ್ಲೆಟ್ ಮಾಡೋಕೆ ತಂದ್ಯಾ?" ಎಂದಳು ಕ್ಯಾಂಟೀನಿನ ಅಡುಗೆಯ ಲೂಸಿಂಡಾ. ಆಮೇಲೆ ಹಾಳೆಗಳನ್ನೆಲ್ಲ ಮಗುಚಿ ನೋಡಿದಳು. "ನನ್ನ ಮಗ ಎರಡು ವರ್ಷದಿಂದ ಸೈನ್ಯದ ಲಾರಿ ಓಡಿಸ್ತಿದಾನೆ. ನಮ್ಮಂಥ ಕಪ್ಪು ಮುಖ ಇದರಲ್ಲಿ ಒಂದೂ ಇಲ್ವಲ್ಲಪ್ಪ."

"ಅಲ್ಲಮ್ಮ, ದಡ್ಡನ ಪಾತ್ರ..."

"ದಡ್ಡನ್ನ ಮಾಡು ಅಂತ ನಾನು ಅಂದ್ನಾ? ಆ ದಡ್ಡನ ಕಿವಿ ಹಿಂಡೋ ಸಾರ್ಜೆಂಟ್ ಮಾಡು!"

ಎಲ್‌ವುಡ್‌ಗೆ ನಾಚಿಕೆಯಾಯಿತು. ಅಲ್ಲೇ ಕೂತು ಕಪ್ಪು ಮುಖದ ಸಾರ್ಜೆಂಟನ್ನು ಬರೆದ, ಮನಸ್ಸಿಟ್ಟು ಬರೆದ. ದಡ್ಡನದ್ದೇ ತಲೆನೋವು. ಯಾರ ಮುಖ ಹಾಕಿದರೂ ಜಗಳ! ಕೈ ತೊಳೆಯಲು ಹೋದಾಗ ಕನ್ನಡಿ ಕಂಡಿತು. ಜೋಲು ಕಣ್ಣು, ಇಲ್ಲದ ಗದ್ದ. ಇವನಂತೂ ಜಗಳಕ್ಕೆ ಬರುವ ಪೈಕಿಯಲ್ಲ ಎಂದುಕೊಂಡು ತನ್ನ ಮುಖವನ್ನೇ ಹಾಳೆಗೆ ಇಳಿಸಿದ.

ಸಂಜೆ ಮೇಜರ್ ಟಾಲ್ಬಟ್ ಬಂದವರೇ ಮೊದಲು ಸಾರ್ಜೆಂಟನ ಮೇಲೆ ಕೆಂಪು ಗೀಟು ಎಳೆದರು.

"ಇದು ಬೇಡಯ್ಯ. ಸೈನ್ಯದಲ್ಲಿ ಕಪ್ಪು ಜನರ ಪಡೆ ಬೇರೆ, ಊಟದ ಸಾಲು ಬೇರೆ. ಚಿತ್ರನೂ ಬೇರೆ ಮಾಡೋಣ."

"ಯಾವಾಗ ಸಾರ್?"

"ಯುದ್ಧ ಮುಗೀಲಿ."

ಎಲ್‌ವುಡ್‌ಗೆ ಮೈಯೆಲ್ಲ ಉರಿಯಿತು. ಆದರೆ ಬಂದೂಕು ನೆನಪಾಗಿ ಬಾಯಿ ಮುಚ್ಚಿಕೊಂಡ. ಥೂ ನನ್ನ ಜನ್ಮಕ್ಕೆ ಎಂದು ಒಳಗೊಳಗೇ ಬೈದುಕೊಂಡ.

ದಡ್ಡನ ಹಾಳೆ ತಿರುವಿದ ಮೇಜರ್ ಮೇಜು ಹಿಡಿದು ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಭೇಷ್! ಇವನೇ ಬೇಕು! ಯಾರಿವನು?... ಅರೆ, ನೀನೇ ಅಲ್ವೇನಯ್ಯಾ!"

"ಹೌದು ಸಾರ್."

"ಸೈನ್ಯದಲ್ಲಿದೀಯಾ?"

"ಇಲ್ಲ ಸಾರ್, ದೇವರ ದಯೆ."

ಮೇಜರ್ ಮುಖ ಗಂಭೀರವಾಯಿತು. "ತೊಂದರೆ ಆಯ್ತಲ್ಲ. ಸೈನ್ಯದಲ್ಲೇ ಇಲ್ಲದವನ ಮುಖ ಸಿಪಾಯಿಗೆ ಹಾಕಿದ್ರೆ ಮೇಲಿನವರು ಬಿಡ್ತಾರಾ? ಇರೋದನ್ನ ಇದ್ದ ಹಾಗೆ ತೋರಿಸ್ಬೇಕು ಅಂತ ಆಜ್ಞೆ."

"ಅಳಿಸ್ತೀನಿ ಸಾರ್! ಈಗಲೇ ಅಳಿಸ್ತೀನಿ!"

"ಛೆ ಛೆ, ಇಂಥ ಮುಖ ಅಳಿಸೋದಾ?" ಎನ್ನುತ್ತ ಮೇಜರ್ ಪ್ರೀತಿಯಿಂದ ಅವನ ಹೆಗಲ ಮೇಲೆ ಕೈ ಹಾಕಿ, ಇನ್ನೊಂದು ಕೈಯಲ್ಲಿ ಫೋನ್ ಎತ್ತಿದರು. "ಬೂಟಿನ ಅಳತೆ ಎಷ್ಟಯ್ಯಾ ನಿಂದು?"