ಕಾಕಾರ ಸಂಗ್ರಹಾಲಯದಲ್ಲಿ ಕಾಕೂ ಸಂಸಾರ

ನಮ್ಮ ಕಾಕಾರಿಗೆ ಸಮುದ್ರದ ಹುಚ್ಚು ಎಂದು ನೆಂಟರೆಲ್ಲ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಅಂಥ ಹುಚ್ಚಿದ್ದವರು ದೀಪಸ್ತಂಭ ಕಾಯುವ ನೌಕರಿ ಮುಗಿಸಿ ಪುಣೆಯ ಪೇಠೆಗೆ ಬಂದು ನೆಲೆಸುತ್ತಾರೆಯೇ? ಇಲ್ಲಿ ಅವರು ಕಾಯುವುದು ನಳದ ನೀರನ್ನು ಮಾತ್ರ!

ಬಂದವರು ಸುಮ್ಮನಿರಲಿಲ್ಲ. ಕಡಲತೀರದಲ್ಲಿ ತಾವೂ ಹೆಂಡತಿಯೂ ಬಾಳಿದ ಕ್ವಾರ್ಟರ್ಸ್ ಹೇಗಿತ್ತೋ ಹಾಗೆಯೇ ಇಲ್ಲಿನ ಮನೆಯನ್ನು ಜೋಡಿಸಿ, ಬಾಗಿಲಿಗೆ ‘ದೀಪಸ್ತಂಭ ಸಂಗ್ರಹಾಲಯ’ ಎಂದು ಮರಾಠಿ ಬೋರ್ಡು ತೂಗುಹಾಕಿದರು. ಪ್ರವೇಶ ಉಚಿತ, ಭಾಷಣ ಕಡ್ಡಾಯ. ಕುರ್ಚಿ, ಮೇಜು, ನೀರಿನ ಹಂಡೆ, ಎಲ್ಲಕ್ಕೂ ‘ಸರಿಸಬೇಡಿ’ ಎಂಬ ಚೀಟಿ. ಮುಟ್ಟಬಹುದಂತೆ, ಸರಿಸಬಾರದಂತೆ! ಇದ್ಯಾವ ಲೋಕದ ಕಾನೂನು?

ಇದರ ನಡುವೆ ಸಂಸಾರ ಮಾಡುವವರು ಅವರ ಹೆಂಡತಿ, ನಮ್ಮ ಕಾಕೂ. ಪುಣೆಗೆ ಬಂದ ಮೇಲೆ ಅವರ ಕಣ್ಣು ಮಂಜಾಗುತ್ತ ಹೋಗಿ, ಈಗ ಬೆಳಕು-ಕತ್ತಲೆಯಷ್ಟೇ ತಿಳಿಯುತ್ತದೆ. ಅವರನ್ನು ಪುಣೆಯದೇ ಮಗರಪಟ್ಟಾದ ತಮ್ಮ ಫ್ಲಾಟಿಗೆ ಕರೆದೊಯ್ಯುವೆನೆಂದು ಬೆಂಗಳೂರು ಮೂಲದ ಅಳಿಯದೇವರು ಪಟ್ಟು ಹಿಡಿದಿದ್ದರು. ಕಾಕೂಗೆ ಸುತರಾಂ ಇಷ್ಟವಿಲ್ಲ.

“ಮಾವ, ಈ ಗುಜರಿ ಮಧ್ಯೆ ಅತ್ತೆ ಎಡವಿ ಬಿದ್ರೆ ಏನ್ ಗತಿ? ನಮ್ಮಲ್ಲಿ ಲಿಫ್ಟ್ ಇದೆ, ಸೆಕ್ಯೂರಿಟಿ ಇದೆ.”

“ಆಕಿ ಎಲ್ಲಿ ಬಿದ್ದಾಳ್ರಿ? ಹೋದ ಸಲ ಹಂಡೇಕ್ಕ ಎಡವಿ ಬಿದ್ದಾವ್ರು ನೀವು!”

ಉತ್ತರ ಚೆನ್ನಾಗಿತ್ತು. ಆದರೂ ನಾನು ಅಳಿಯನ ಪಕ್ಷ. ಹೆಂಡತಿಗಿಂತ ಹಂಡೆ ಹೆಚ್ಚೆನ್ನುವವರ ಪರ ವಾದಿಸುವುದುಂಟೇ?

ಅಂದು ಮುಸ್ಸಂಜೆ ಕಾಕಾ ಹಳೆಯ ಕಂದೀಲು ಹಚ್ಚಿ ನೆರೆಯವರಿಗೆ ತೋರಿಸಿದರು. ನೆರೆಯವರು ಹೋದ ಮೇಲೆ ಕಾಕೂ ಅಡುಗೆಮನೆಯಿಂದ, “ಯಾರರೆ ದೀಪ ದೊಡ್ಡದು ಮಾಡ್ರಿ” ಎಂದರು. ದೀಪ ‘ಆರಿಸು’ ಎನ್ನುವುದು ನಮ್ಮ ಮನೆಯಲ್ಲಿ ಅಪಶಕುನ. ‘ದೊಡ್ಡದು ಮಾಡು’ ಎಂದರೇ ಆರಿಸು. ಅಳಿಯದೇವರಿಗೇನು ಗೊತ್ತು? ಅತ್ತೆಯ ಆಜ್ಞೆ! ಬತ್ತಿ ಏರಿಸಿದರು, ಇನ್ನೂ ಏರಿಸಿದರು. ಹೊಗೆ ಕಾರಿ, ಗಾಜು ಟಪ್ಪೆಂದು ಬಿರುಕು ಬಿಟ್ಟಿತು!

ಸಂಗ್ರಹಾಲಯದ ಕಿರೀಟಮಣಿ ಹೋಯಿತು, ಇನ್ನು ಕಾಕಾ ಹಾರಾಡುತ್ತಾರೆಂದು ಕಾದೆ. ಅವರೋ ಬತ್ತಿ ಇಳಿಸಿ, “ಇರ್ಲಿ ಬಿಡ್ರಿ, ಗಾಜು ಅದು” ಎಂದು ನಕ್ಕರು. ಗಾಬರಿಯಾಗಿದ್ದ ಅಳಿಯ ಕೂರಲೆಂದು ಕುರ್ಚಿ ಎಳೆದುಕೊಂಡರು. ಆಗ ಕೂಗಿದರು ನೋಡಿ ಕಾಕಾ!

“ಕುರ್ಚಿ ಸರಸಬ್ಯಾಡ್ರಿ! ಆಕಿ ಚಾ ತರ್ಲಿಕ್ಕತ್ತಾಳ!”

ಓಡಿಬಂದು ಕುರ್ಚಿಯನ್ನು ಅದರ ಜಾಗಕ್ಕೆ ತಳ್ಳಿದರು. ಕಾಕೂ ಎರಡೂ ಕೈಯಲ್ಲಿ ಚಹಾದ ತಟ್ಟೆ ಹಿಡಿದು ಬಂದರು. ಮೊಣಕಾಲಿಗೆ ಹಂಡೆ ತಾಗಿದಲ್ಲಿ ಬಲಕ್ಕೆ ತಿರುಗಿದರು. ಸೊಂಟಕ್ಕೆ ಕುರ್ಚಿ ತಾಗಿದಲ್ಲಿ ನಿಂತರು. ಬಾಗಿ, ತಟ್ಟೆಯನ್ನು ಮೇಜಿನ ಮೇಲಿಟ್ಟರು. ಕಣ್ಣಿದ್ದಾಗ ಓಡಾಡಿದ ಕ್ವಾರ್ಟರ್ಸಿನ ಜೋಡಣೆಯೇ ಅಲ್ಲವೇ ಇದು! ಒಂದು ಹನಿ ತುಳುಕಲಿಲ್ಲ.

“ಅಳಿಯಂದ್ರ, ಸಕ್ಕರಿ ಸಾಕಾತೇನ್ರಿ?” ಎಂದು ಕಾಕೂ ಕೇಳಿದರು.

ಪಕ್ಷ ಬದಲಿಸಿ ನಾನು ಅಳಿಯನನ್ನು ಕೇಳಿದೆ: “ನಿಮ್ಮ ಫ್ಲಾಟಿನ್ಯಾಗ ಕಾಕೂ ಹಿಂಗ ಚಾ ಮಾಡಿ ತರಬೇಕಂದ್ರ, ದಾರಿ ತೋರ್ಸಾವ್ರು ಯಾರ್ರಿ?”