ಗಾಜಿನ ಕಪಾಟಿನ ಮೈಕ್ರೋಸ್ಕೋಪು

ಲಿಂಗಸುಗೂರಿನ ಕಾಲೇಜೊಂದರಲ್ಲಿ ನಾನು ಭೂವಿಜ್ಞಾನ ಕಲಿಸುತ್ತೇನೆ. ವಿಜ್ಞಾನಿಯೊಬ್ಬರು ಕುರ್ಚಿ ಏರಿದ ಮೇಲೆ ವಿಜ್ಞಾನದ ಗತಿ ಏನಾಗುತ್ತದೆ ಎಂದು ಕಣ್ಣಾರೆ ನೋಡುವ ಯೋಗ ನನಗೆ ಮೇಲಿಂದ ಮೇಲೆ ಬರುತ್ತಲೇ ಇರುತ್ತದೆ.

೧. ಪೂಜೆ

ನಮ್ಮ ವಿಶ್ವವಿದ್ಯಾಲಯದ ಕುಲಪತಿಗಳು ಒಂದು ಕಾಲಕ್ಕೆ ಕಲ್ಲುಗಳ ಮೇಲೆ ಸಂಶೋಧನೆ ಮಾಡಿದವರು. ಕುಲಪತಿಯಾದ ವಾರದಲ್ಲೇ ನಮ್ಮ ವಿಭಾಗಕ್ಕಿದ್ದ ಒಂದೇ ಒಂದು ಒಳ್ಳೆಯ ಮೈಕ್ರೋಸ್ಕೋಪನ್ನು ತರಿಸಿಕೊಂಡು ತಮ್ಮ ಕೋಣೆಯ ಗಾಜಿನ ಕಪಾಟಿನಲ್ಲಿಟ್ಟರು. ಹುಡುಗರ ಪ್ರಾಯೋಗಿಕ ಪರೀಕ್ಷೆಗೆ ಅದು ಬೇಕೆಂದು ಕೇಳಲು ಹೋದೆ. ಅದು ಆಯುಧಪೂಜೆಯ ಮರುದಿನ. ಮೈಕ್ರೋಸ್ಕೋಪಿಗೆ ಚೆಂಡುಹೂವಿನ ಹಾರ, ಮೈತುಂಬ ಕುಂಕುಮ.

"ಬಳಸಿದರೆ ಹಾಳಾಗುತ್ತದೆ," ಎಂದರು.

೨. ಉಪ್ಪು

ಸಿಂಧನೂರಿನಲ್ಲಿ ರೈತರೊಂದಿಗೆ ಕುಲಪತಿಗಳ ಸಂವಾದವಿತ್ತು. ತುರ್ವಿಹಾಳದ ರೈತನೊಬ್ಬ ತನ್ನ ಗದ್ದೆಯ ಬೆಳ್ಳಗಾದ ಮಣ್ಣಿನ ಹೆಂಟೆ ತಂದು, ಇದೇನೆಂದು ಕೇಳಿದ. ಕುಲಪತಿಗಳು ಅದನ್ನು ಮುಟ್ಟಲೂ ಇಲ್ಲ. ಅರ್ಜಿ ಕೊಡಲಿ, ಸಮಿತಿ ರಚಿಸೋಣ ಎಂದರು. ಹೊರಗೆ ಬಂದ ಮೇಲೆ ನಾನೇ ಅವನಿಗೆ, ಅದು ಸವಳು, ಮಣ್ಣಿನಲ್ಲಿ ಉಪ್ಪು ಹೆಚ್ಚಾಗಿದೆ ಎಂದೆ.

"ನಂಗ ಗೊತ್ತೈತ್ರಿ, ನಾಲಿಗಿಗೆ ಹಚ್ಚಿ ನೋಡೀನಿ. ಸಾಹೇಬ್ರಿಗೆ ಗೊತ್ತೈತೋ ಇಲ್ಲೋ ಅಂತ ಕೇಳಿದೆ."

೩. ಗುಡ್ಡ

ಮಸ್ಕಿ ಗುಡ್ಡದ ಕಲ್ಲು ತೋರಿಸಲು ಹುಡುಗರನ್ನು ಕರೆದೊಯ್ದಾಗ ಕುಲಪತಿಗಳೂ ಬಂದರು. ಹೊಸ ಸುತ್ತಿಗೆ ಹಿಡಿದು ಫೋಟೊ ತೆಗೆಸಿಕೊಂಡು ಮತ್ತೆ ಎಸಿ ಕಾರಿನಲ್ಲಿ ಕುಳಿತರು. ಗುಡ್ಡ ಹತ್ತಿದ್ದು ಅವರ ಡ್ರೈವರ್. ಇದು ಯಾವ ಕಲ್ಲು ಎಂಬ ಹುಡುಗಿಯೊಬ್ಬಳ ಪ್ರಶ್ನೆಗೆ ಉತ್ತರ ಹೇಳಿದವನೂ ಅವನೇ. ಅವನಿಗೆ ಅದನ್ನು ಹಿಂದಿನ ಕುಲಪತಿಗಳು ಕಲಿಸಿದ್ದರಂತೆ, ಅವರು ಇತಿಹಾಸದ ಮೇಷ್ಟ್ರು.

೪. ಉದ್ಘಾಟನೆ

ಪರೀಕ್ಷೆಗೆ ಮೂರೇ ದಿನ. ಮೈಕ್ರೋಸ್ಕೋಪಿಲ್ಲದೆ ಹುಡುಗರು ಫೇಲಾಗುವುದು ಖಂಡಿತ. ಅಷ್ಟರಲ್ಲಿ ಕುಲಪತಿಗಳು ಅದನ್ನು ಹೊತ್ತು ನಮ್ಮ ಪ್ರಯೋಗಾಲಯದ ಉದ್ಘಾಟನೆಗೆ ಬಂದರು. ಫೋಟೊ ಆದಮೇಲೆ ವಾಪಸ್ ಒಯ್ಯುವುದಾಗಿ ಮೊದಲೇ ಹೇಳಿದ್ದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಇದಕ್ಕೇ.

ಪತ್ರಕರ್ತರ ಮುಂದೆ ಮೈಕ್ರೋಸ್ಕೋಪಿಗೆ ಕಣ್ಣಿಟ್ಟರು. ಎಂಥ ಕೆಂಪು ಹರಳು, ಹಟ್ಟಿ ಸೀಮೆಯ ಕಲ್ಲಿನಲ್ಲಿ ಇಂಥ ಗಾರ್ನೆಟ್ ತಾವು ಕಂಡೇ ಇಲ್ಲ ಎಂದು ಹತ್ತು ನಿಮಿಷ ವಿವರಿಸಿದರು. ಪಕ್ಕದಲ್ಲಿ ನಿಂತಿದ್ದ ನಮ್ಮ ಅಟೆಂಡರ್ ಮೊದಲು ಹಟ್ಟಿ ಗಣಿಯಲ್ಲಿ ದುಡಿದವನು. ಎಲ್ಲವನ್ನೂ ತಾಳ್ಮೆಯಿಂದ ಕೇಳಿಸಿಕೊಂಡ.

"ಸಾಹೇಬ್ರ, ಕಲ್ಲು ಇನ್ನಾ ನನ್ನ ಕೈಯಾಗೈತ್ರಿ. ನೀವು ನೋಡಾಕತ್ತಿದ್ದು ಆಯುಧಪೂಜಿ ಕುಂಕುಮ."

ಕುಲಪತಿಗಳು ಮೈಕ್ರೋಸ್ಕೋಪನ್ನು ಅಲ್ಲೇ ಬಿಟ್ಟು ಹೊರಟರು. ಹುಡುಗರೆಲ್ಲ ಪಾಸಾದರು. ಉದ್ಘಾಟನೆಯ ಮರುದಿನ ಪೇಪರಿನಲ್ಲಿ ಬಂದ ಫೋಟೊವನ್ನು ಅಟೆಂಡರ್ ಕತ್ತರಿಸಿ ಪ್ರಯೋಗಾಲಯದ ಗೋಡೆಗೆ ಅಂಟಿಸಿದ್ದಾನೆ: ಹಣೆ ಬಿಟ್ಟು ಬಲಗಣ್ಣಿನ ಸುತ್ತ ಕುಂಕುಮ ಇಟ್ಟುಕೊಂಡ ವಿಜ್ಞಾನಿ.